‘ಇಲ್ಲ’ ಎಂದು ಬರೆಯಲು ಊರೆಲ್ಲ ಸುತ್ತಿದ ಆದಂ

ಆದಂ ತೀರಿಕೊಂಡು ಎರಡು ತಿಂಗಳು ಒಂಬತ್ತು ದಿನವಾಯಿತು. ಬಹರೈನಿನ ಮುಹರ್ರಕ್‌ನ ಕಬರಸ್ತಾನಕ್ಕೆ ಅವತ್ತು ಬಂದಿದ್ದವರಲ್ಲಿ ಹೆಚ್ಚಿನವರಿಗೆ ಅವನು ಮಸಾಲೆ ಸಾಮಾನಿನ ವ್ಯಾನ್ ಓಡಿಸುವ ಉಪ್ಪಿನಂಗಡಿಯ ಬ್ಯಾರಿ. ಇಪ್ಪತ್ತಾರು ವರ್ಷ ಒಂದೇ ಕಂಪನಿ. ಅವನ ಇನ್ನೊಂದು ಕೆಲಸ ಗೊತ್ತಿದ್ದವರು ನಾಲ್ಕೈದು ಜನ. ಅದನ್ನು ಬರೆದಿಡಬೇಕು ಎನ್ನಿಸಿದೆ. ಈಗ ಬರೆಯದಿದ್ದರೆ ನನಗೂ ಮರೆಯುತ್ತದೆ.

ಅವನು ಬಹರೈನಿನ ಕಾಡುಗಿಡಗಳನ್ನು ದಾಖಲಿಸುತ್ತಿದ್ದ. ಕಾಡುಗಿಡ ಎಂದರೆ ಯಾರೂ ನೆಡದೆ ಬಂದವು. ಸರಕಿಳಿಸುವಾಗ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ, ಎಸಿಯ ನೀರು ತೊಟ್ಟಿಕ್ಕುವಲ್ಲಿ ಏನು ಹುಟ್ಟಿದೆ ಎಂದು ಬಗ್ಗಿ ನೋಡುವುದು ಅವನಿಗೆ ಮೊದಲಿಂದಲೂ ಚಟ. ಡೆಲಿವರಿ ನೋಟ್‌ಗೆ ಮೂರು ಪ್ರತಿ: ಬಿಳಿಯದು ಅಂಗಡಿಗೆ, ಹಳದಿ ಆಫೀಸಿಗೆ, ಗುಲಾಬಿ ಡ್ರೈವರನಿಗೆ. ಎಲ್ಲರೂ ಎಸೆಯುವ ಆ ಗುಲಾಬಿ ಚೀಟಿಯ ಬೆನ್ನಿಗೆ ಅವನು ಗಿಡದ ಹೆಸರು ಬರೆಯುತ್ತಿದ್ದ. ಗರಿಕೆ, ನೆಗ್ಗಿಲು, ಗೋಣಿಸೊಪ್ಪು. ಹೆಸರು ತಿಳಿಯದಿದ್ದರೆ ಒಂದು ಚಿತ್ರ. ದಿನಾಂಕ, ಹೊತ್ತು, ಜಾಗ ಚೀಟಿಯ ಮುಂಬದಿಯಲ್ಲೇ ಅಚ್ಚಾಗಿರುತ್ತಿತ್ತು. ಹೀಗೆ ಏಳು ವರ್ಷದ ಚೀಟಿಗಳು ಬುಸೈತೀನ್‌ನ ಅವನ ಕೋಣೆಯಲ್ಲಿ ಗೋಡಂಬಿಯ ಡಬ್ಬಗಳಲ್ಲಿ ತುಂಬಿದ್ದವು.

ನಾನು ಇಲ್ಲಿನ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಅಲ್ಲಿ ಸಸ್ಯಶಾಸ್ತ್ರ ಕಲಿಸುವ ಅಫ್ರಾ ಎಂಬ ಬಹರೈನಿ ಅಧ್ಯಾಪಕಿ, ಮುಹರ್ರಕ್ ದ್ವೀಪದ ಕಾಡುಗಿಡ ಮತ್ತು ಕಲ್ಲುಹೂಗಳ ನಕ್ಷೆ ತಯಾರಿಸಲು ನಡೆದು ನೋಡುವವರನ್ನು ಹುಡುಕುತ್ತಿದ್ದರು. ಡಬ್ಬಗಳ ಸಮೇತ ಆದಮನನ್ನು ಅವರ ಮುಂದೆ ಕೂರಿಸಿದೆ. ಇಬ್ಬರ ಮಾತೂ ಹಿಂದಿಯಲ್ಲಿ. ಅವರ ಹಿಂದಿಯಲ್ಲಿ ಅರಬಿ, ಇವನದರಲ್ಲಿ ತುಳು. ಹಳೆಯ ಮನೆಯೊಂದರ ಗೋಡೆಗೆ ಅಂಟಿದ್ದ ಬೂದು ಚಕ್ಕೆಯ ಫೋಟೋ ತೋರಿಸಿ ಅವರು ಇದೇನು ಗೊತ್ತೇ ಎಂದು ಕೇಳಿದರು.

“ಕಲ್ಲುಹೂ ಅಲ್ವಾ ಟೀಚರ್? ನಾವು ಕೋಳಿಸಾರಿಗೆ ಹಾಕ್ತೇವೆ.”

“ಗೋಡೆಯಿಂದ ಕೆರೆದು?” ಅಫ್ರಾ ಗಾಬರಿಯಾದರು.

“ಇಲ್ಲ ಟೀಚರ್, ವ್ಯಾನಿನಿಂದ ತೆಗೆದು. ಕಾಲು ಕಿಲೋ ಪ್ಯಾಕೆಟ್ ಬರ್ತದೆ.”

ಅವರು ನಕ್ಕರು. ಮಸಾಲೆಯದು ಬೇರೆ ಜಾತಿ, ಇಲ್ಲಿಯದು ಕಲ್ಲನ್ನು ಬಿಟ್ಟು ಏಳುವುದಿಲ್ಲ, ವರ್ಷಕ್ಕೆ ಕೂದಲೆಳೆಯಷ್ಟು ಬೆಳೆದರೆ ಹೆಚ್ಚು ಎಂದು ವಿವರಿಸಿದರು. ಆದಂ ಎರಡು ದಶಕ ಮಾರಿದ ವಸ್ತುವಿನ ಬಗ್ಗೆ ಮೊದಲ ಸಲ ಕೇಳುವವನಂತೆ ಕೇಳಿದ.

ಅವರು ದ್ವೀಪವನ್ನು ನಕ್ಷೆಯಲ್ಲಿ ಅರವತ್ತೊಂದು ಚೌಕ ಮಾಡಿದ್ದರು. ಚೀಟಿಗಳನ್ನೆಲ್ಲ ಅದರಲ್ಲಿ ಗುರುತಿಸಲು ಮೂರು ವಾರ ಹಿಡಿಯಿತು. ಇಪ್ಪತ್ತಮೂರು ಚೌಕಗಳಲ್ಲಿ ಗುರುತುಗಳು ಗಿಜಿಗುಡುತ್ತಿದ್ದವು, ಉಳಿದವು ಖಾಲಿ. ಅಫ್ರಾ ಬಹಳ ಹೊತ್ತು ನೋಡಿ ಹೇಳಿದರು:

“ಆದಂ, ಇದು ಗಿಡಗಳ ನಕ್ಷೆಯಲ್ಲ. ನಿಮ್ಮ ಗಿರಾಕಿಗಳ ನಕ್ಷೆ.”

ನಿಜವಾಗಿತ್ತು. ಕೋಲ್ಡ್ ಸ್ಟೋರ್ ಎಂದು ಇಲ್ಲಿ ಕರೆಯುವ ಕಿರಾಣಿ ಅಂಗಡಿ ಇದ್ದಲ್ಲೆಲ್ಲ ಗಿಡ, ಇಲ್ಲದಲ್ಲಿ ಬಟ್ಟಬಯಲು! ಅವನು ಹೋದ ಕಡೆಗಷ್ಟೇ ಗಿಡ ಕಂಡಿತ್ತು. ಮನೆಗೆ ಬರುವಾಗ ವ್ಯಾನಿನಲ್ಲಿ ಆದಂ, ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೆಲೇ ನಗತೊಡಗಿದ.

“ಏಳು ವರ್ಷ ಮಾರಾಯ! ಎಲ್ಲಿ ಜೀರಿಗೆ ಖರ್ಚಾಗ್ತದೆ ಅಂತ ನಕ್ಷೆ ಮಾಡಿದ್ದು ನಾನು.”

“ಬಿಡು, ಹವ್ಯಾಸ ಅಲ್ವಾ.”

“ಬಿಡ್ಲಿಕ್ಕೆ ಎಂತ? ಇನ್ನು ಮೂವತ್ತೆಂಟು ಉಂಟಲ್ಲ.”

ಆಗ ನವೆಂಬರ್. ಅವನಿಗೆ ಅರವತ್ತು ತುಂಬಿತ್ತು. ಏಪ್ರಿಲ್ ನಡುವಿಗೆ ವೀಸಾ ಮುಗಿದು ಊರಿಗೆ ಹೋಗಬೇಕಿತ್ತು. ಗಿಡಗಳು ಕಾಣಿಸುವುದೂ ಚಳಿಗಾಲದ ನಾಲ್ಕು ಮಳೆ ಬಿದ್ದು ಮಾರ್ಚ್ ಮುಗಿಯುವವರೆಗೆ ಮಾತ್ರ. ಅರ್ಧಂಬರ್ಧ ನಕ್ಷೆಯನ್ನು ಕಾಲೇಜಿನ ಸಮಿತಿ ಅಚ್ಚಿಗೆ ಕಳಿಸುವುದಿಲ್ಲ ಎಂದು ಅಫ್ರಾ ಮೊದಲೇ ಹೇಳಿದ್ದರು. ಅವನಿಗೆ ಉಳಿದದ್ದು ಒಂದೇ ಚಳಿಗಾಲ. ಅಷ್ಟರಲ್ಲಿ ಮುಗಿಯದಿದ್ದರೆ ಏಳು ವರ್ಷದ ಚೀಟಿಗಳು ಡಬ್ಬದಲ್ಲೇ ಉಳಿಯುತ್ತಿದ್ದವು.

ಶುಕ್ರವಾರ ಜುಮಾ ನಮಾಜ್ ಮುಗಿಸಿ ಹೊರಡುತ್ತಿದ್ದ. ಕೆಲವು ಸಲ ನಾನೂ ಹೋದೆ. ಒಂದು ಚೌಕಕ್ಕೆ ಕಡಿಮೆಯೆಂದರೆ ಒಂದೂವರೆ ಗಂಟೆ. ಗೋಡೆಯ ಬುಡ, ಚರಂಡಿಯ ಅಂಚು, ಪಾರ್ಕಿಂಗ್‌ನ ಟೈಲ್ಸ್ ಸಂದು, ಯಾವುದನ್ನೂ ಬಿಡುತ್ತಿರಲಿಲ್ಲ. ಕಲ್ಲುಹೂಗಾಗಿ ಹಳೆಯ ಇಪ್ಪತ್ತಮೂರು ಚೌಕಗಳನ್ನೂ ಇನ್ನೊಮ್ಮೆ ನಡೆದ. ಬಲಮಂಡಿ ನೋವು ಬೇರೆ. ಕಡಲಿನ ಕಡೆ, ಮರಳು ತುಂಬಿಸಿ ಮಾಡಿದ ಹೊಸ ನೆಲದಲ್ಲಿ ಗಂಟೆಗಟ್ಟಲೆ ನಡೆದರೂ ಏನೂ ಸಿಗುತ್ತಿರಲಿಲ್ಲ. ಸಿಗದಲ್ಲಿ ಅವನು ಗುಲಾಬಿ ಚೀಟಿ ತೆಗೆದು, ಹೊತ್ತು ನೋಡಿ, ದೊಡ್ಡ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದ. ಬುಸೈತೀನ್ ಕಡಲಬದಿಯಲ್ಲಿ ಒಬ್ಬ ಪೊಲೀಸ್ ಕಾರು ನಿಲ್ಲಿಸಿ, ಇಲ್ಲಿನ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡ್ ನೋಡಿ, ಇಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಕೇಳಿದ.

“ಹುಲ್ಲು, ಸರ್.”

“ಸಿಕ್ಕಿತೇ?”

“ಇಲ್ಲ. ಅದನ್ನೇ ಬರೀತಾ ಇದ್ದೇನೆ.”

ಪೊಲೀಸನು ಚೀಟಿಯನ್ನೂ ಇವನ ಮುಖವನ್ನೂ ನೋಡಿ, ನೀರಿನ ಬಾಟಲಿ ಕೊಟ್ಟು ಹೋದ.

ಮಾರ್ಚ್ ಮೊದಲ ವಾರ ಅಫ್ರಾ ನಮ್ಮಿಬ್ಬರನ್ನೂ ಕರೆಸಿದರು. ಕಲ್ಲುಹೂ ಅದುವರೆಗೆ ಸಿಕ್ಕಿದ್ದು ಒಂಬತ್ತೇ ಚೌಕಗಳಲ್ಲಿ. ಅವರು ಆದಮನ ನಕ್ಷೆಯ ಮೇಲೆ, ಸಮುದ್ರ ತುಂಬಿಸುವುದಕ್ಕೆ ಮುಂಚಿನ ದ್ವೀಪದ ಹಳೆಯ ನಕ್ಷೆಯನ್ನು ಪಾರದರ್ಶಕ ಹಾಳೆಯಲ್ಲಿ ಹಾಸಿದರು. ಒಂಬತ್ತೂ ಹಳೆಯ ತೀರದ ಒಳಗೆ. ಅವನು ನಡೆದು ಮುಗಿಸಿದ ಹೊಸ ನೆಲದ ಚೌಕಗಳಿಗೆಲ್ಲ ಅವನ ‘ಇಲ್ಲ’. ಕಲ್ಲುಹೂ ಬರಲು ಕಲ್ಲಿಗೆ ವಯಸ್ಸಾಗಬೇಕು. ಹೊಸ ನೆಲಕ್ಕೆ ಇನ್ನೂ ಆಗಿರಲಿಲ್ಲ.

“ನನ್ನ ಅಜ್ಜ ಮೀನು ಹಿಡಿಯುತ್ತಿದ್ದ ಜಾಗ ಇದು,” ಅಫ್ರಾ ಒಂದು ಚೌಕದ ಮೇಲೆ ಬೆರಳಿಟ್ಟರು. “ಕಡಲು ಎಲ್ಲಿತ್ತು ಅಂತ ನಿಮ್ಮ ‘ಇಲ್ಲ’ಗಳು ಹೇಳುತ್ತಿವೆ, ಆದಂ.”

ಅವನು ತಲೆಯ ಟೊಪ್ಪಿ ಸರಿಮಾಡಿಕೊಂಡು, “ಟೀಚರ್, ಒಂದು ಫೋಟೋ ತೆಗಿಲಾ? ಹೆಂಡತಿಗೆ ಕಳಿಸ್ಲಿಕ್ಕೆ,” ಎಂದ. ಅಷ್ಟು ಹೆಮ್ಮೆಯಿಂದ ಅವನು ಇನ್ನೇನನ್ನೂ ಊರಿಗೆ ಕಳಿಸಿದ್ದನ್ನು ನಾನು ಕಾಣೆ.

ಮಾರ್ಚ್ ಕೊನೆಗೆ ಒಂದೇ ಒಂದು ಚೌಕ ಬಾಕಿ. ಹಿದ್ ಕಡೆಯ ಕಂಟೇನರ್ ಯಾರ್ಡ್ ಒಂದು ಇಡೀ ಚೌಕವನ್ನೇ ಹಿಡಿದುಕೊಂಡಿತ್ತು. ಒಳಗೆ ಹೋಗಲು ಪಾಸ್ ಬೇಕು. ಅರ್ಜಿ ಹಾಕಿದ್ದ, ಬಂದಿರಲಿಲ್ಲ. ಚೀಟಿಗಳನ್ನು ಒಪ್ಪಿಸುವ ಹಿಂದಿನ ಸಂಜೆ ಇಬ್ಬರೂ ಬೇಲಿಯ ಹೊರಗೆ ನಿಂತೆವು. ಕಣ್ಣು ಹಾಯುವಷ್ಟೂ ಕಾಂಕ್ರೀಟು, ಕಬ್ಬಿಣ.

“ಇಲ್ಲ ಅಂತ ಬರೆದುಬಿಡು ಆದಂ,” ಎಂದೆ. “ಯಾರಿಗೆ ಗೊತ್ತಾಗ್ತದೆ?”

“ನಂಗೆ ಗೊತ್ತಾಗ್ತದಲ್ಲ.”

“ಕಣ್ಣಿಗೆ ಕಾಣ್ತಾ ಉಂಟಲ್ಲ ಮಾರಾಯ, ಒಂದು ಹುಲ್ಲುಕಡ್ಡಿ ಇಲ್ಲ. ಈ ಒಂದಕ್ಕೆ ನಕ್ಷೆಯೇ ನಿಂತರೆ?”

“ಆ ಪೆಟ್ಟಿಗೆಗಳ ಸಂದಿನಲ್ಲಿ ಎಂತ ಉಂಟು, ನೋಡಿದ್ದೀಯಾ? ಇಲ್ಲ ಅಂತ ಹೇಳ್ಲಿಕ್ಕೆ ಒಳಗೆ ಹೋಗ್ಬೇಕು ಹರಿ. ಹೋಗದೆ ಹೇಳಿದರೆ ಅದು ಮೊದಲಿನ ಹಾಗೆ ಗಿರಾಕಿಗಳ ನಕ್ಷೆಯೇ.”

ಆ ಚೌಕದ ಚೀಟಿಯಲ್ಲಿ ‘ನೋಡಿಲ್ಲ’ ಎಂದು ಬರೆದ. ಮರುದಿನ ಎಲ್ಲವನ್ನೂ ಅಫ್ರಾರಿಗೆ ಒಪ್ಪಿಸಿದ. ಆರನೆಯ ದಿನ ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಊರಿನ ಟಿಕೆಟ್ ಹದಿನಾಲ್ಕನೇ ತಾರೀಕಿಗಿತ್ತು. ಇಲ್ಲೇ ಮಣ್ಣು ಮಾಡಲು ಅವನ ಹೆಂಡತಿ ಹಲೀಮಮ್ಮ ಫೋನಿನಲ್ಲಿ ಒಪ್ಪಿಕೊಟ್ಟರು.

ಸಮಿತಿಯಲ್ಲಿ ಇಬ್ಬರು, ಒಂದು ಚೌಕ ಖಾಲಿ ಇರುವ ನಕ್ಷೆ ಅಪೂರ್ಣ, ಮುಂದಿನ ವರ್ಷಕ್ಕಿಡೋಣ ಎಂದರಂತೆ. ಅಫ್ರಾ ಆ ಗುಲಾಬಿ ಚೀಟಿಯನ್ನೇ ಮೇಜಿನ ಮೇಲಿಟ್ಟರು. ಕನ್ನಡ ಅಕ್ಷರ ಅಲ್ಲಿ ಯಾರಿಗೂ ಓದಲು ಬರುವುದಿಲ್ಲ. ಒಪ್ಪಿಸುವಾಗ ಆದಂ ತಿಳಿಸಿದ್ದ ಅರ್ಥವನ್ನು ಅವರೇ ಹೇಳಿದರು. ಈ ಮನುಷ್ಯ ತೀರ ಸುಲಭವಾಗಿ ಸುಳ್ಳು ಬರೆಯಬಹುದಾಗಿದ್ದ ಜಾಗ ಇದು, ಇಲ್ಲೂ ಬರೆದಿಲ್ಲ, ಹಾಗಾಗಿ ಉಳಿದ ಅರವತ್ತರ ಮೇಲೆ ನನಗೆ ಅನುಮಾನವಿಲ್ಲ ಎಂದರು. ನಕ್ಷೆ ಮೇ ತಿಂಗಳಲ್ಲಿ ಅಚ್ಚಾಯಿತು. ಕೆಳಗೆ ದಾಖಲಿಸಿದವರ ಹೆಸರಿನ ಜಾಗದಲ್ಲಿ ಅವನದೊಂದೇ ಹೆಸರು.

ಅದರ ಫೋಟೋವನ್ನು ಹಲೀಮಮ್ಮನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಹರಿಯಣ್ಣ, ದೊಡ್ಡದು ಮಾಡಿ ನೋಡಿದೆ. ಎಲ್ಲ ಕಡೆ ಎಂತಾದ್ರೂ ಗುರುತು ಉಂಟು, ಒಂದು ಕಡೆ ಮಾತ್ರ ಖಾಲಿ. ಅದ್ಯಾಕೆ?”

“ಅಲ್ಲಿಗೆ ಹೋಗ್ಲಿಕ್ಕೆ ಪಾಸ್ ಸಿಗ್ಲಿಲ್ಲ ಹಲೀಮಮ್ಮ.”

“ಹೌದಾ.” ಆಮೇಲೆ ಕೇಳಿದರು, “ಬಾಕಿ ಕಡೆಗೆಲ್ಲ ಹೋಗಿದ್ದಾರಾ? ಆ ಮಂಡಿನೋವು ಇಟ್ಕೊಂಡು?”

“ಎಲ್ಲ ಕಡೆ ಹೋಗಿದ್ದಾನೆ,” ಎಂದೆ. “ನಡೆದೇ ಹೋಗಿದ್ದಾನೆ.”