ಮತ್ತೆ ಕೊಳ್ಳಬಾರದ ಗಾಡಿ

ಲೋಕದಲ್ಲಿ ಅನುಭವಸ್ಥರ ಮಾತಿಗಿಂತ ದೊಡ್ಡ ಆಧಾರವಿಲ್ಲ. ಅದನ್ನು ನಂಬಿ ಪಿಕಪ್ ಕೊಂಡವನು ನಾನು.

ವಿಲೆ ಪಾರ್ಲೆಯ ನನ್ನ ಹೋಟೆಲಿಗೆ ಸ್ವಂತ ಪಿಕಪ್ಪಿನಲ್ಲಿ ತರಕಾರಿ ತರುತ್ತಿದ್ದ ವಿಜಯಪುರದವನೊಬ್ಬ ದಿನಾ ಬೆಳಿಗ್ಗೆ ಅದರ ಬಾನೆಟ್ಟಿಗೆ ಗುದ್ದಿ, "ಈ ದರಿದ್ರ ಗಾಡಿ ಮತ್ತ ತಗೊಳ್ಳಂಗಿಲ್ರೀ ಶೆಟ್ರ!" ಎನ್ನುತ್ತಿದ್ದ. ಆಮೇಲೆ ಹೆಗಲ ಟವೆಲ್ಲಿನಿಂದ ಗುದ್ದಿದ ಜಾಗವನ್ನೇ ಒರೆಸುತ್ತಿದ್ದ. ಹೋಟೆಲಿಗೊಂದು ಗಾಡಿ ಬೇಕೆಂದಿದ್ದ ನಾನು ಅವನ ಮಾತು ಕೇಳಿ, ಉಳಿತಾಯವನ್ನೆಲ್ಲ ಸುರಿದು ಬೇರೆ ಕಂಪನಿಯದನ್ನು ಕೊಂಡೆ.

ದಸರೆಯ ದಿನ ಅವನೂ ಹೊಸ ಗಾಡಿಗೆ ಹಾರ ಹಾಕಿಕೊಂಡು ಬಂದ. ಅವನ ಹಳೆಯ ಗಾಡಿಯದೇ ಕಂಪನಿ, ಅದೇ ಮಾಡೆಲ್, ಅದೇ ಬಣ್ಣ.

"ಏನು ಮಾರಾಯ ಇದು? ದಿನಾ ಬೈತಿದ್ದಿಯಲ್ಲ!"

"ಮನಿ ಮಂದಿಗೂ ಬೈತೀನ್ರೀ ಶೆಟ್ರ. ಅದನ್ನೆಲ್ಲ ನೀವು ಖರೇ ಅಂತ ತಿಳೀತೀರೇನು?"

ಆ ವಾರವೇ ನನ್ನ ಗಾಡಿ ಗ್ಯಾರೇಜು ಸೇರಿತು. ತರಕಾರಿ ಅವನದರಲ್ಲೇ ಬಂತು.