ಉಡಿಯಲ್ಲಿ ಬಂದ ಅಜ್ಜ

ಮಗಳಿಗೆ ಬಾಲಗಾಂವದ ಹುಡುಗ ಒಪ್ಪಿಗೆಯಾಗಿದ್ದ. ಒಪ್ಪಿಗೆ ಅನ್ನುವುದು ದೊಡ್ಡವರ ಮಾತು. ಅವಳು ಫೋನು ಹಿಡಿದು ಮಾಳಿಗೆ ಹತ್ತಿದರೆ ಊಟಕ್ಕೆ ಕೂಗಿ ಕೂಗಿ ನನ್ನ ಗಂಟಲು ಹರಿಯುತ್ತಿತ್ತು. ಹುಡುಗನ ಅಜ್ಜಿ ಕೇಳಿದ್ದು ಒಂದೇ: ನಿಮ್ಮ ಬೆಡಗು ಯಾವುದು? ಒಂದೇ ಬೆಡಗಿನವರು ಒಂದೇ ಮೂಲದವರು, ಅಣ್ಣತಮ್ಮಂದಿರು. ಅವರೊಳಗೆ ಹೆಣ್ಣು ಕೊಡುವುದಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಮದುವೆಯಲ್ಲಿ ಇದನ್ನೆಲ್ಲ ಮಾತಾಡಿದ ಅಪ್ಪ ತೀರಿಕೊಂಡಿದ್ದರು.

ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ. ನಾನೋ ಹುಡುಕಿಕೊಂಡು ಜತ್ತದ ತಾಲೂಕು ಕಚೇರಿಗೆ ಹೋದೆ. ಹಳೆಯ ಮರಾಠಿ ಬರಹದ ಮೋಡಿ ಅಕ್ಷರದಲ್ಲಿದ್ದ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಮುತ್ತಜ್ಜನ ಅಜ್ಜ ಸಿಕ್ಕ. ಬ್ರಿಟಿಷರ ಕಾಲದವನು, ನಮ್ಮೂರು ಸೋನ್ಯಾಳದ ನಮ್ಮದೇ ಹೊಲ, ತಂದೆಯ ಹೆಸರೂ ನಮ್ಮದೇ ಮನೆತನದ್ದು. ಬೆಡಗಿನ ಸುದ್ದಿ ಮಾತ್ರ ಇರಲಿಲ್ಲ. ಕಂದಾಯ ಕೇಳುವವರಿಗೆ ಅದೆಲ್ಲ ಯಾಕೆ ಬೇಕು?

ಕೊನೆಗೆ ಹೆಳವನಿಗೆ ಫೋನ್ ಮಾಡಿದೆ. ಮನೆಮನೆಗೆ ಬಂದು ವಂಶಾವಳಿ ಹೇಳಿ ಕಾಳುಕಡಿ ಒಯ್ಯುವವರು ಹೆಳವರು. ನಮ್ಮ ಹೆಳವನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದ. ಇವನು ಮೋಟರ್‌ಸೈಕಲ್ ಮೇಲೆ ಬಂದ. ಹೋಳಿಗೆ ಉಂಡು, ಗಂಟೆ ಬಾರಿಸಿ, ರಾಗ ತೆಗೆದ.

ಉತಾರದಲ್ಲಿ ಸಿಕ್ಕ ನಮ್ಮ ಅಜ್ಜ ಸೋನ್ಯಾಳದಲ್ಲಿ ಹುಟ್ಟಿದವನೇ ಅಲ್ಲವಂತೆ. ಮಕ್ಕಳಿಲ್ಲದ ನಮ್ಮ ಮನೆಯ ಸೊಸೆ ಬಾಲಗಾಂವಕ್ಕೆ ಹೋಗಿ, ಸೆರಗಿನ ಉಡಿಯೊಡ್ಡಿ ಬೇಡಿ, ಅಂಬೆಗಾಲಿನ ಕೂಸನ್ನು ದತ್ತಕ ತಂದಳಂತೆ. ಆ ಕೂಸೇ ದೊಡ್ಡವನಾಗಿ ನಾವು ಇಂದಿಗೂ ನೀರೆತ್ತುವ ಬಾವಿ ತೋಡಿಸಿದ. ಹಡೆದ ತಾಯಿ ಸತ್ತಾಗ ಬಾಲಗಾಂವಕ್ಕೆ ಹೋಗಿ, ಮಗನಂತಲ್ಲದೆ ಬೀಗರ ಸಾಲಿನಲ್ಲಿ ಕೂತು ಎದ್ದು ಬಂದ. ಯಾವ ಮನೆಯಿಂದ ತಂದದ್ದು ಎಂದು ಕೇಳಿದೆ. ಹೆಳವ ಹೇಳಿದ್ದು ಹುಡುಗನ ಮನೆತನವನ್ನೇ.

ಹಾಗಾದರೆ ನಾವು ಯಾವ ಬೆಡಗಿನವರು ಎಂದು ರೇಗಿದೆ.

“ಉಡಿ ಹಿಡದ್ರ ಈ ಮನಿಯವರು, ರಕ್ತ ಹಿಡದ್ರ ಆ ಮನಿಯವರು. ನಾ ಹೇಳೂದು ಹೇಳೀನ್ರಿ, ಮುಂದಿಂದು ನೀವು ನೋಡ್ರಿ,” ಎಂದು ಅವನು ಎಲೆ ಅಡಿಕೆ ಬಾಯಿಗಿಟ್ಟ.

ಒಳಗಿನಿಂದ ಮಗಳು ಬಂದು ನಿಂತಳು. ಎಲ್ಲ ಕೇಳಿದ್ದಳು.

“ಅಪ್ಪಾ, ನಾ ಅವರಿಗೆ ಅಣ್ಣಾ ಅನ್ನಬೇಕೇನು?”

ಉತಾರ ತೋರಿಸಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸರ್ಕಾರ ಒಂದು ಹೇಳುತ್ತದೆ, ಹೆಳವ ಇನ್ನೊಂದು ಹೇಳುತ್ತಾನೆ, ಎರಡೂ ಸುಳ್ಳಲ್ಲ. ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಆದರೆ ಮುಚ್ಚಿಟ್ಟು ಹೆಣ್ಣು ಕೊಡಲು ಮನಸ್ಸು ಬರಲಿಲ್ಲ. ಮರುದಿನ ಬಾಲಗಾಂವಕ್ಕೆ ಹೋದೆ.

ಅಜ್ಜ ಬೀಗನಂತೆ ಕೂತು ಎದ್ದುಹೋದ ಪಡಸಾಲೆ ಇದೇ ಇರಬಹುದೇ ಎಂದುಕೊಳ್ಳುತ್ತ, ಹುಡುಗನ ಅಜ್ಜಿಗೆ ಎಲ್ಲ ಹೇಳಿದೆ. ಸಂಬಂಧ ಮುರಿಯಿತು ಎಂದುಕೊಂಡು, ಮಗಳ ಮುಖ ನೆನೆದು ನನಗೆ ಅಳು ಬಂತು. ಆಮೇಲೆ ಮುದುಕಿ ಎದ್ದು ನನ್ನೆದುರು ಬಂದು ಸೆರಗು ಹಿಡಿದಳು.

“ಅವತ್ತ ನಿಮ್ಮ ಮನಿಯಾಕಿ ಉಡಿ ಒಡ್ಡಿದ್ಲು, ನಾವು ಇಲ್ಲ ಅನ್ನಲಿಲ್ಲ. ಇವತ್ತ ನಾ ಒಡ್ಡೀನಿ. ಹಾಕ್ರಿ.”

ಇದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಹೂಂ ಎಂದೆ. ಮಗಳನ್ನು ಕೊಟ್ಟೆನೋ, ಅಜ್ಜನನ್ನು ತಿರುಗಿ ಕೊಟ್ಟೆನೋ ತಿಳಿಯಲಿಲ್ಲ.