ಬಲಗಡೆಯ ಚಕ್ರ

ನನ್ನ ಮನೆಯ ವಿಮಾನ ಹಾರುವುದು ಕಡಿಮೆ, ನೆಲದ ಮೇಲೆ ಓಡಾಡುವುದೇ ಹೆಚ್ಚು. ಕಂಪ್ಯೂಟರಿನಲ್ಲಿ ವಿಮಾನ ನಡೆಸುವ ಹವ್ಯಾಸ ಇರುವವರು ಏರುವುದು, ಇಳಿಯುವುದು, ಮೋಡ, ಗಾಳಿ ಎಂದು ಮಾತಾಡುತ್ತಾರೆ. ನನಗೆ ಹಿಡಿದ ಹುಚ್ಚು ಬೇರೆ. ಇಳಿದ ಮೇಲೆ ರನ್‌ವೇಯಿಂದ ನಿಲ್ಲುವ ಜಾಗದ ತನಕ ಅಷ್ಟುದ್ದದ ಯಂತ್ರವನ್ನು ಹಳದಿ ಗೆರೆ ತಪ್ಪದಂತೆ ನಡೆಸಿಕೊಂಡು ಹೋಗಬೇಕು, ಅದೂ ನಿಜವಾದದ್ದರ ಹಾಗೆಯೇ. ಕೊಂಡು ತಂದ ಆಟದಲ್ಲಿ ವಿಮಾನ ನೆಲದ ಮೇಲೆ ಮಕ್ಕಳ ಕಾರಿನಂತೆ ಎತ್ತ ಬೇಕಾದರೂ ಗರ್ರನೆ ತಿರುಗುತ್ತದೆ. ನಾನು ಬೇರೆ ಪ್ರೋಗ್ರಾಂ ಹಾಕಿ, ವೇಗ ಹೆಚ್ಚಿದಂತೆ ಗಾಲಿ ಕಡಿಮೆ ತಿರುಗುವಂತೆ, ಒದ್ದೆ ನೆಲದಲ್ಲಿ ಟೈರು ಜಾರುವಂತೆ, ಮೂಗು ಅರೆಕ್ಷಣ ತಡೆದು ಹೊರಳುವಂತೆ ಮಾಡಿಕೊಂಡಿದ್ದೆ.

ನೆಲದ ಮೇಲೆ ತಿರುಗಿಸಲು ಪೈಲಟ್‌ನ ಎಡಗೈ ಬಳಿ ಅಂಗೈ ಅಗಲದ ಒಂದು ಚಕ್ರ ಇರುತ್ತದೆ. ಬಲಗಡೆ ಕೂತವನ ಬಲಗೈ ಬಳಿ ಅಂಥದೇ ಇನ್ನೊಂದು. ಬೆಳಗಾವಿಯ ಉದ್ಯಮಬಾಗದ ಒಂದು ಲೇಥ್ ಅಂಗಡಿಯಲ್ಲಿ ಎರಡನ್ನೂ ಮಾಡಿಸಿದ್ದೆ. ಕೆಲವು ಜಾತಿಯ ವಿಮಾನಗಳಲ್ಲಿ ಇಬ್ಬರೂ ಚಕ್ರ ತಿರುವಿದರೆ ಎರಡೂ ಕೂಡಿ ಮುಂದಿನ ಗಾಲಿಗೆ ಹೋಗುತ್ತದೆ. ಒಬ್ಬ ತಿರುವಿದ್ದು ಇನ್ನೊಬ್ಬನ ಕೈಗೆ ತಿಳಿಯುವುದಿಲ್ಲ. ಅದನ್ನೂ ಹಾಗೆಯೇ ಮಾಡಿಕೊಂಡಿದ್ದೆ. ಒಬ್ಬನೇ ಇರುವ ಮನೆಯಲ್ಲಿ ಎರಡನೇ ಚಕ್ರ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನನ್ನ ತಾಯಿಯ ತಮ್ಮ, ಮಾಮಾ, ಖಾನಾಪುರದವನು. ಅಲ್ಲಿನ ಭಟ್ಟಿಗಳಿಂದ ಹಂಚು, ಇಟ್ಟಿಗೆ ಹೇರಿಕೊಂಡು ಬೆಳಗಾವಿಗೆ ಬರುವುದು, ಹೋಗುವಾಗ ರವಿವಾರ ಪೇಟೆಯಿಂದ ಕಿರಾಣಿ ಮಾಲು ತುಂಬಿಕೊಳ್ಳುವುದು, ಇದೇ ಅವನ ಮೂವತ್ತು ವರ್ಷದ ಕೆಲಸ. ಆ ಪೇಟೆಯ ಇಕ್ಕಟ್ಟಿನಲ್ಲಿ ಕೈಗಾಡಿಗಳ ನಡುವೆ ತನ್ನ ಟೆಂಪೊವನ್ನು ಹಿಂದಕ್ಕೆ ತೆಗೆಯುವಾಗ ಅವನು ಕನ್ನಡಿ ನೋಡುತ್ತಿರಲಿಲ್ಲ ಎನ್ನುತ್ತಾರೆ. ನಾನೂ ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಅಥವಾ ಎಲ್ಲರೂ ಹೇಳುವುದನ್ನು ಕೇಳಿ ಕೇಳಿ ನೋಡಿದಂತೆ ಅನಿಸುತ್ತಿರಬಹುದು. ನಾನು ಸಂಖ್ಯಾಶಾಸ್ತ್ರ ಓದಿದವನು, ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಯಾರ ನೆನಪನ್ನೂ ಸಾಕ್ಷಿ ಎಂದು ಒಪ್ಪುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ.

ಕಳೆದ ಮಳೆಗಾಲದ ಕೊನೆಗೆ ಮಾಮಾನ ಎಡಭಾಗಕ್ಕೆ ಲಕ್ವಾ ಹೊಡೆಯಿತು. ಕಾಲು ಬೇಗ ಸರಿಹೋಯಿತು, ಕೈ ಸರಿಹೋಗಲಿಲ್ಲ. ಬೆರಳು ಮಡಚುತ್ತಿದ್ದವು, ಆದರೆ ಹಿಡಿದದ್ದನ್ನು ಹಿಡಿದೇ ಇರುವ ಬಲ ಇರಲಿಲ್ಲ. ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಬೆಳಗಾವಿಗೆ ಬಂದು, ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸಿಕೊಂಡು, ಮಧ್ಯಾಹ್ನ ನನ್ನ ಮನೆಗೆ ಊಟಕ್ಕೆ ಬರುತ್ತಿದ್ದ. ಗಾಡಿ ಹೊಡೆಯುವುದನ್ನು ಸದ್ಯಕ್ಕೆ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು.

ಒಂದು ದಿನ ಊಟದ ನಂತರ ಅವನು ನನ್ನ ಹಿಂದೆ ನಿಂತು ಪರದೆ ನೋಡಿದ. ನಾನು ನಮ್ಮೂರಿನ ಸಾಂಬ್ರಾ ವಿಮಾನ ನಿಲ್ದಾಣದ ಮಾದರಿಯಲ್ಲಿ ವಿಮಾನವನ್ನು ಅತ್ತಿಂದಿತ್ತ ನಡೆಸುತ್ತಿದ್ದೆ.

"ಏನಪಾ ಮಾಸ್ತರ, ನಿನ್ನ ಇಮಾನ ಮ್ಯಾಲ ಏರೂದ ಇಲ್ಲೇನು? ಬರೇ ಟೆಂಪೊ ಹೊಡದಂಗ ಹೊಡ್ಯಾಕತ್ತಿ."

ಎಡಗಡೆಯ ಕುರ್ಚಿ ಬಿಟ್ಟುಕೊಟ್ಟು ಬಲಗಡೆಯದಕ್ಕೆ ಸರಿದೆ. ಗೆರೆ ಬಾಗಿದ ಕೂಡಲೇ ತಿರುಗಿಸಬಾರದು, ಮುಂದಿನ ಗಾಲಿ ನಮಗಿಂತ ಹಿಂದಿದೆ, ದಾಟಿ ಹೋಗಿ ತಿರುಗಿಸಬೇಕು ಎಂದು ವಿವರಿಸಲು ಹೊರಟೆ. ನನಗೆ ಅದು ಅಭ್ಯಾಸವಾಗಲು ತಿಂಗಳು ಹಿಡಿದಿತ್ತು. ಅವನು ಕೈಯೆತ್ತಿ ನನ್ನನ್ನು ತಡೆದ.

"ಗೊತ್ತೈತಿ ತಗಿ. ನಮ್ಮ ಗಾಡ್ಯಾಗೂ ಗಾಲಿ ಕುಂಡಿ ಕೆಳಗ ಇರತೈತಿ. ಹಿಂದಿನ ಗಾಲಿ ಒಳಗ ಕಡೀತೈತಿ, ಅದನ್ನ ನೋಡಕೋಬೇಕು, ಅಷ್ಟ."

ಬುದ್ಧಿ ಸರಿಯಾಗಿತ್ತು, ಕಣ್ಣು ಸರಿಯಾಗಿತ್ತು. ಎಲ್ಲಿ ತಿರುಗಿಸಬೇಕೋ ಸರಿಯಾಗಿ ಅಲ್ಲೇ ತಿರುಗಿಸಿದ. ಆದರೆ ಚಕ್ರದಲ್ಲಿ ಸ್ಪ್ರಿಂಗ್ ಇದೆ, ಬಿಟ್ಟರೆ ನಡುವಿಗೆ ಮರಳುತ್ತದೆ. ತಿರುವು ಮುಗಿಯುವ ಮೊದಲೇ ಅದು ಅವನ ಬೆರಳಿಂದ ಮೆಲ್ಲಗೆ ಜಾರಿತು. ವಿಮಾನ ಹುಲ್ಲಿಗೆ ಇಳಿಯಿತು. ಮಾಮಾ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಮುಚ್ಚಿಕೊಂಡ.

ಅಂದಿನಿಂದ ಬಂದಾಗಲೆಲ್ಲ ಕೂರುತ್ತಿದ್ದ. ನಾನು ಬಲಗಡೆಯ ಕುರ್ಚಿಯಲ್ಲಿ ಕೂರುತ್ತಿದ್ದೆ. ನನ್ನ ನೆನಪಿನ ಪ್ರಕಾರ ಮೂರನೇ ವಾರದಲ್ಲಿ ಒಮ್ಮೆ, ವಿಮಾನ ಗೆರೆ ಬಿಡುವ ಹೊತ್ತಿಗೆ, ನನ್ನ ಬಲಗೈ ತಾನಾಗಿ ಎರಡನೇ ಚಕ್ರಕ್ಕೆ ಹೋಯಿತು. ಒಂದಿಷ್ಟು ಒತ್ತಾಸೆ, ಅಷ್ಟೇ. ಅವನ ಕಣ್ಣು ಪರದೆಯ ಮೇಲಿತ್ತು. ಗಾಲಿ ಗೆರೆಯ ಮೇಲೆ ಉಳಿಯಿತು. ಮಾಮಾ ನಕ್ಕ. ಲಕ್ವಾ ಹೊಡೆದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗು ಮತ್ತೆ ಬೇಕೆನಿಸಿತು.

ನಾನು ಒತ್ತಾಸೆ ಕೊಡುತ್ತಲೇ ಹೋದೆ. ರನ್‌ವೇ ತುದಿಯಲ್ಲಿ ಪೂರ್ತಿ ಹೊರಳಿ ಬಂದ ದಾರಿಯಲ್ಲೇ ವಾಪಸು ಬರುವುದು ಎಲ್ಲಕ್ಕಿಂತ ಕಷ್ಟದ ತಿರುವು. ಅದನ್ನೂ ಅವನು "ಮಾಡಿದ". ಡಾಕ್ಟರು ಬರೇ ಕೈ ನೋಡುತ್ತಾರೆ, ಕೈ ಏನು ಮಾಡುತ್ತದೆ ಅಂತ ನೋಡುವುದಿಲ್ಲ ಎಂದು ಹೇಳಿಕೊಂಡು ತಿರುಗಾಡಿದ. ಯಾರಾದರೂ ತಾಯಿತ ಕಟ್ಟಿಕೊಂಡು ಬಂದರೆ ಪುರಾವೆ ಎಲ್ಲಿ ಎಂದು ಕೇಳುವವನು ನಾನು. ಅವನಿಗೆ ಮಾತ್ರ ಸುಳ್ಳು ಪುರಾವೆಯನ್ನು ನಾನೇ ತಯಾರಿಸಿ ಕೊಡುತ್ತಿದ್ದೆ. ಧೈರ್ಯ ಬಂದರೆ ಕೈ ಬೇಗ ಗುಣವಾಗುತ್ತದೆ ಎಂದು ಎಲ್ಲೋ ಓದಿದ್ದನ್ನು ನನಗೆ ನಾನೇ ಹೇಳಿಕೊಂಡೆ.

ಒಂದು ಬೆಳಿಗ್ಗೆ ಮಾಮಾ ಯಾರಿಗೂ ಹೇಳದೆ ಟೆಂಪೊ ತೆಗೆದು, ಮಾಮಿಯನ್ನು ಕೂರಿಸಿಕೊಂಡು, ಅವಳ ತವರೂರು ಬೀಡಿ ಎಂಬ ಹಳ್ಳಿಗೆ ಹೊರಟ. ಊರ ಹತ್ತಿರದ ಎಡತಿರುವಿನಲ್ಲಿ ಸ್ಟೇರಿಂಗ್ ಅರ್ಧಕ್ಕೇ ಎಡಗೈಯಿಂದ ಜಾರಿತು. ಗಾಡಿ ತಿರುಗದೆ ನೆಟ್ಟಗೆ ಹೋಗಿ ಎದುರಿನ ಮೋರಿಯ ಕಟ್ಟೆಗೆ ಹೊಡೆಯಿತು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾಮಾನಿಗೆ ಏನೂ ಆಗಲಿಲ್ಲ. ಮುಂದಕ್ಕೆ ಕೈ ಊರಿದ್ದ ಮಾಮಿಯ ಬಲಗೈ ಮಣಿಕಟ್ಟು ಮುರಿಯಿತು.

ಹಟಮಾರಿ ಎಂದು ಎಲ್ಲರೂ ಅವನನ್ನು ಬೈದರು. ನಾನು ಹಣ್ಣು ತೆಗೆದುಕೊಂಡು ಹೋಗಿ ಬೈಯುವವರ ನಡುವೆ ಸುಮ್ಮನೆ ನಿಂತಿದ್ದೆ. ಮಾಮಾ ನನ್ನನ್ನು ಹಿತ್ತಲಿಗೆ ಕರೆದ.

"ಕೈ ಚಲೋ ಐತಿ, ನೀನ ನೋಡೀಯಲ್ಲ. ಕೈಯಿಂದ ಆಗಿದ್ದಲ್ಲ ಇದು. ನನ್ನ ತಲಿನ ಕೆಟ್ಟೈತಿ ಅನಸ್ತೈತಿ. ತಿರುವು ಬಂದಿದ್ದ ಮರತಿರಬೇಕು."

ಅವನು ವ್ಯಾಯಾಮಕ್ಕೆ ಬರುವುದನ್ನು ನಿಲ್ಲಿಸಿದ. ಗುಳಿಗೆ ತಗೊಂಡೆನಾ, ಬಾಗಿಲು ಹಾಕಿದೆನಾ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾನೆ, ಎಲ್ಲ ಸರಿಯಾಗಿಯೇ ಮಾಡಿರುತ್ತಾನೆ ಎಂದು ಮಾಮಿ ಫೋನಿನಲ್ಲಿ ಹೇಳಿದಳು. ಗಟ್ಟಿಯಾಗಿದ್ದ ತಲೆಯನ್ನು ಅವನು ಅನುಮಾನಿಸುತ್ತಿದ್ದ, ಬಲವಿಲ್ಲದ ಕೈಯನ್ನು ನಂಬಿದ್ದ. ಎರಡೂ ನನ್ನಿಂದ.

ನನ್ನ ಪ್ರೋಗ್ರಾಂ ಎರಡೂ ಚಕ್ರಗಳ ಚಲನೆಯನ್ನು ಬೇರೆ ಬೇರೆ ಬರೆದಿಡುತ್ತದೆ. ಹಲವು ದಿನ ಆ ಫೈಲುಗಳನ್ನು ತೆರೆಯಲಿಲ್ಲ. ಮನೆಯಲ್ಲಿ ಅತ್ತಿಂದಿತ್ತ ಓಡಾಡಿದೆ, ಪುಸ್ತಕದ ಕಪಾಟನ್ನು ಎರಡು ಸಲ ಹೊಸದಾಗಿ ಜೋಡಿಸಿದೆ. ಕೊನೆಗೆ ತೆರೆದೆ. ನಾನು ಕೈ ಹಾಕಿದ್ದು ಮೂರನೇ ವಾರದಲ್ಲಲ್ಲ. ಮೊದಲ ದಿನವೇ, ಅವನು ಹುಲ್ಲಿಗೆ ಇಳಿಸಿದ ಬಳಿಕದ ಎರಡನೇ ತಿರುವಿನಲ್ಲೇ. ಒಂದಿಷ್ಟು ಒತ್ತಾಸೆಯೂ ಅಲ್ಲ, ಕೊನೆಯ ದಿನಗಳಲ್ಲಿ ತಿರುವಿನ ಹೆಚ್ಚಿನ ಪಾಲು ನನ್ನದು. ಇನ್ನೊಂದು ಇತ್ತು. ಮೊದಮೊದಲು ಗ್ರಾಫಿನಲ್ಲಿ ಅವನ ಕೈಬಲದ ಗೆರೆ ನಿಧಾನವಾಗಿ ಏರುತ್ತಿತ್ತು. ನಾನು ಹೆಚ್ಚು ತಿರುವತೊಡಗಿದ ಮೇಲೆ ಅದು ಇಳಿದಿತ್ತು. ಇದರಿಂದಲೇ ಅದು ಎಂದು ಹೇಳಲು ಬಾರದು, ಬೇರೆ ಕಾರಣಗಳೂ ಇರಬಹುದು ಎಂದು ತರಗತಿಯಲ್ಲಿ ಹೇಳುವ ಮಾತು ಬಾಯಿಗೆ ಬಂತು. ನುಂಗಿಕೊಂಡೆ.

ಮಾಮಿಯ ಪ್ಲಾಸ್ಟರ್ ತೋರಿಸಲು ಇಬ್ಬರೂ ಬೆಳಗಾವಿಗೆ ಬಂದ ದಿನ ಮಾಮಾನನ್ನು ಎಡಗಡೆಯ ಕುರ್ಚಿಯಲ್ಲಿ ಕೂರಿಸಿದೆ. ಮಾಮಿ ಒಳಗೆ ಮಲಗಿದ್ದಳು.

"ಮಾಮಾ, ಇವತ್ತ ನಾ ಹಿಡಿಯಂಗಿಲ್ಲ."

"ಏನ ಹಿಡಿಯಂಗಿಲ್ಲ?"

ಬಲಗಡೆಯ ಚಕ್ರವನ್ನು ತೋರಿಸಿದೆ. ಅವನು ಕಣ್ಣು ಪರದೆಯ ಮೇಲಿಟ್ಟಿರುವಂತೆಯೇ ನಾನದನ್ನು ತಿರುವಿದೆ. ಅವನ ಚಕ್ರ ಅಲುಗಲಿಲ್ಲ, ವಿಮಾನದ ಮೂಗು ಹೊರಳಿತು. ಆಮೇಲೆ ಕೈ ತೆಗೆದೆ. ಅವನೊಬ್ಬನೇ ತಿರುವಿಗೆ ಹೋದ. ವಿಮಾನ ಹುಲ್ಲಿಗೆ ಇಳಿದು ನಿಂತಿತು.

ಅವನು ಬಲಗಡೆಯ ಚಕ್ರದ ಕಡೆ ಹೊರಳಿ ಕೇಳಿದ. "ಎಲ್ಲಾ ದಿನಾನೂ?"

"ಎಲ್ಲಾ ದಿನಾನೂ."

ಇನ್ನೂ ಒಂದು ಹೇಳುವುದಿತ್ತು. ನೀ ಹಿಡಿದಿದ್ದೀಯೇನು ಎಂದು ಅವನು ಒಮ್ಮೆ ಕೇಳಿದ್ದ, ಇಲ್ಲ, ಎಲ್ಲಾ ನಿನ್ನ ಕೈನ ಎಂದು ನಾನು ಉತ್ತರ ಕೊಟ್ಟಿದ್ದೆ. ಆ ಮಧ್ಯಾಹ್ನ, ಅವನ ಚಹಾದ ಕಪ್ಪು, ನನ್ನ ದನಿ, ಎಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಅದಕ್ಕೂ ಕ್ಷಮೆ ಕೇಳಿದೆ.

"ಯಾವಾಗ ಕೇಳಿದ್ನಿ?" ಎಂದ ಮಾಮಾ. "ನಾ ಕೇಳೇ ಇಲ್ಲ. ನಿನ್ನ ಕೇಳೂದು ಯಾಕ?"

ಫೈಲಿನಲ್ಲಿ ಚಕ್ರದ ಚಲನೆ ಇದೆ, ಮಾತು ಇಲ್ಲ. ಆದರೂ ನಾನು ಅವನನ್ನು ನಂಬುತ್ತೇನೆ. ಕೇಳಿದವನಿಗೆ ಸುಳ್ಳು ಹೇಳಿದೆ ಎಂದುಕೊಳ್ಳುವುದು ನನಗೆ ಹಗುರವಾಗಿತ್ತು, ಕೇಳುವ ಅಗತ್ಯವೇ ಕಾಣದವನಿಗೆ ಮೋಸ ಮಾಡಿದೆ ಎಂದುಕೊಳ್ಳುವುದಕ್ಕಿಂತ.

ಅವನು ತನ್ನ ಹಣೆಯನ್ನು ಎರಡು ಬೆರಳಿಂದ ಮುಟ್ಟಿಕೊಂಡ. "ಅಂದ್ರ ತಲಿ ಸುದ್ದ ಐತಿ?"

"ಐತಿ ಮಾಮಾ. ನನ್ನಕಿಂತ ಸುದ್ದ ಐತಿ."

"ನಡಿ, ಮಾಮಿಗೆ ನೀನ ಹೇಳು. ನಾ ಹೇಳಿದ್ರ ನೆಪ ಅಂತಾಳ."

ಮಾಮಿ ಮಲಗಿದಲ್ಲೇ ಎಲ್ಲ ಕೇಳಿದಳು. ಪ್ಲಾಸ್ಟರಿನ ತುದಿಯಲ್ಲಿ ಕಾಣುವ ಬೆರಳುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿಕೊಂಡಳು. "ಹಿಡದಿದ್ದಕ್ಕ ಏನ ಅನ್ನಲಿ ತಮ್ಮಾ. ನಾನೂ ಅವರ ಅಂಗಿ ಗುಂಡಿ ಹಾಕತಿದ್ನಿ. ಹಾಕಾಕತ್ತೀನಿ ಅಂತ ಅವರಿಗೆ ಗೊತ್ತಿರತಿತ್ತು" ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

ಈಗ ಟೆಂಪೊ ಕೀಲಿ ಮಾಮಿಯ ಹತ್ತಿರ ಇದೆ. ಮಾಮಾ ಮತ್ತೆ ವಾರಕ್ಕೆ ಎರಡು ಸಲ ಬರುತ್ತಾನೆ. ಬಂದ ಮೊದಲ ದಿನವೇ ಬಲಗಡೆಯ ಚಕ್ರದ ವಾಯರು ಕೀಳಿಸಿದ. ರನ್‌ವೇ ತುದಿಯ ಆ ತಿರುವಿನಲ್ಲಿ ವಿಮಾನ ಪ್ರತಿ ಸಲ ಹುಲ್ಲಿಗೆ ಇಳಿಯುತ್ತದೆ. ಅವನು "ಇನ್ನೊಮ್ಮಿ" ಎನ್ನುತ್ತಾನೆ. ನಾನು ಮೊದಲಿನ ಜಾಗಕ್ಕೆ ತಂದು ನಿಲ್ಲಿಸುತ್ತೇನೆ. ಗಾಲಿ ಗೆರೆ ಬಿಡುವ ಹೊತ್ತಿಗೆ ನನ್ನ ಬಲಗೈ ಇನ್ನೂ ಮೇಲೇಳುತ್ತದೆ. ಅವನು ಪರದೆಯಿಂದ ಕಣ್ಣು ತೆಗೆದು ಆ ಕೈಯನ್ನು ನೋಡುತ್ತಾನೆ, ನಾನು ಅದನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವ ತನಕ.